ತೀವ್ರ ರಕ್ತಸ್ರಾವ: ರಕ್ತ ಕೈಗೆ ಸಿಗುವವರೆಗೆ ಅಂಗಾಂಶಗಳಿಗೆ ಆಮ್ಲಜನಕ ತಲುಪಿಸುವ ಔಷಧ ಯಾವುದಾದರೂ ಇದೆಯೇ?

ಘಟ್ಟದ ವೈದ್ಯ (ಪ್ರಶ್ನೆ)

ನಾನು ಮಲೆನಾಡಿನ ಒಂದು ಸಮುದಾಯ ಆರೋಗ್ಯ ಕೇಂದ್ರದಲ್ಲಿ ವೈದ್ಯಾಧಿಕಾರಿಯಾಗಿದ್ದೇನೆ. ನಮ್ಮಲ್ಲಿ ರಕ್ತನಿಧಿ ಇಲ್ಲ. ಜಿಲ್ಲಾ ಆಸ್ಪತ್ರೆಗೆ ಹೋಗಲು ಮಳೆಗಾಲದಲ್ಲಿ ಆಂಬುಲೆನ್ಸಿಗೆ ಎರಡು ಗಂಟೆ ಹಿಡಿಯುತ್ತದೆ, ಮರ ಬಿದ್ದಿದ್ದರೆ ಇನ್ನೂ ಹೆಚ್ಚು. ಕಳೆದ ತಿಂಗಳು ಅಡಿಕೆ ತೋಟದಲ್ಲಿ ಕಳೆ ಕತ್ತರಿಸುವ ಯಂತ್ರದ ಅಲಗು ತೊಡೆಗೆ ಹೊಕ್ಕ ಒಬ್ಬ ಕೂಲಿಕಾರರನ್ನು ಪಿಕಪ್ ವಾಹನದ ಹಿಂಬದಿಯಲ್ಲಿ ಮಲಗಿಸಿಕೊಂಡು ತಂದರು. ಗಾಯಕ್ಕೆ ಸುತ್ತಿದ್ದ ಎರಡು ಟವೆಲ್‌ಗಳೂ ತೊಯ್ದು ತೊಟ್ಟಿಕ್ಕುತ್ತಿದ್ದವು. ನಾಡಿ ನಿಮಿಷಕ್ಕೆ 140ರಷ್ಟಿತ್ತು, ಮೇಲಿನ ರಕ್ತದೊತ್ತಡ 70 ಇತ್ತು, ಕೈಕಾಲು ತಣ್ಣಗಾಗಿದ್ದವು, ಮಾತು ತೊದಲುತ್ತಿತ್ತು. ವಿಚಿತ್ರವೆಂದರೆ ಪ್ರಯೋಗಾಲಯದ ಚೀಟಿಯಲ್ಲಿ ಹಿಮೋಗ್ಲೋಬಿನ್ 11.8 ಎಂದೇ ಬಂದಿತ್ತು. ಟೂರ್ನಿಕೆ (ರಕ್ತ ಸೋರದಂತೆ ಕಾಲಿಗೆ ಬಿಗಿಯುವ ಪಟ್ಟಿ) ಬಿಗಿದು, ಆಮ್ಲಜನಕ ಮತ್ತು ಸಲೈನ್ ಕೊಟ್ಟು ಕಳುಹಿಸಿದೆವು. ಅವರು ಬದುಕಿದರು ಎಂಬುದು ಸಮಾಧಾನದ ಸಂಗತಿ, ಆದರೆ ಆ ಎರಡು ಗಂಟೆ ನಾನು ಮಾಡಬಹುದಾಗಿದ್ದ ಇನ್ನೇನನ್ನಾದರೂ ಬಿಟ್ಟೆನೇ ಎಂಬ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ನನ್ನ ಪ್ರಶ್ನೆ ಇಷ್ಟು. ರಕ್ತವೇ ಇಲ್ಲದಿರುವಾಗ, ಉಳಿದಿರುವ ರಕ್ತದಿಂದಲೇ ಅಂಗಾಂಶಗಳಿಗೆ ಹೆಚ್ಚು ಆಮ್ಲಜನಕ ತಲುಪುವಂತೆ ಮಾಡುವ ಔಷಧ ಇಂದು ಬಳಕೆಯಲ್ಲಿದೆಯೇ? ಸೆಂಥಾಕ್ವಿನ್ ಎಂಬ ಚುಚ್ಚುಮದ್ದಿನ ಬಗ್ಗೆ ಒಬ್ಬ ಔಷಧ ಪ್ರತಿನಿಧಿ ಹೇಳಿಹೋಗಿದ್ದಾರೆ. ಕೇಸರಿಯಿಂದ ತಯಾರಿಸಿದ ಒಂದು ಔಷಧ ರಕ್ತಸ್ರಾವದಲ್ಲಿ ಆಮ್ಲಜನಕವನ್ನು ಹೆಚ್ಚಿಸುತ್ತದೆ ಎಂಬ ಸಂದೇಶ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲೂ ಬಂದಿತ್ತು. ಅದನ್ನು ಓದಿದ ನಮ್ಮ ಅತ್ತೆಯವರು ಗಾಯಾಳುವಿಗೆ ಕೇಸರಿ ಹಾಲು ಕಳುಹಿಸಿಕೊಟ್ಟರು. ನಗಬೇಡಿ, ಅದರಲ್ಲಿ ತಿರುಳೇನಾದರೂ ಇದೆಯೇ ಎಂದು ನಿಜವಾಗಿಯೂ ತಿಳಿಯಬೇಕಾಗಿದೆ.

ಅರಿವಳಿಕೆ ತಜ್ಞೆ (ಉತ್ತರ 1)

ಡಾಕ್ಟರೇ, ನಿಮ್ಮ ರೋಗಿಯ ಹಿಮೋಗ್ಲೋಬಿನ್ 11.8 ಎಂದು ಬಂದದ್ದು ವಿಚಿತ್ರವಲ್ಲ. ರಕ್ತ ಸೋರುವಾಗ ಕೆಂಪು ಕಣಗಳೂ ಪ್ಲಾಸ್ಮಾವೂ ಒಂದೇ ಪ್ರಮಾಣದಲ್ಲಿ ಹೊರಹೋಗುವುದರಿಂದ ಉಳಿದ ರಕ್ತದ ಸಾಂದ್ರತೆ ಮೊದಲಿಗೆ ಬದಲಾಗುವುದೇ ಇಲ್ಲ; ಅಂಗಾಂಶಗಳ ನೀರು ನಾಳದೊಳಗೆ ಬಂದ ಮೇಲೆ ಅಥವಾ ನಾವು ಸಲೈನ್ ಹಾಕಿದ ಮೇಲೆ ಮಾತ್ರ ಅಂಕಿ ಇಳಿಯುತ್ತದೆ. ಕೊಡದ ಅರ್ಧ ನೀರು ಚೆಲ್ಲಿಹೋದರೂ ಉಳಿದ ನೀರಿನ ಉಪ್ಪು ಅಷ್ಟೇ ಇರುತ್ತದಲ್ಲವೇ, ಹಾಗೆ.

ಔಷಧದ ವಿಚಾರಕ್ಕೆ ಬರುವ ಮೊದಲು ಲೆಕ್ಕವನ್ನು ಒಮ್ಮೆ ಹಾಕಿ ನೋಡೋಣ, ಏಕೆಂದರೆ ಯಾವ ಔಷಧ ಎಲ್ಲಿ ನೆರವಾಗಬಲ್ಲದು ಎಂಬುದು ಆ ಲೆಕ್ಕದಲ್ಲಿಯೇ ಇದೆ. ಒಂದು ಗ್ರಾಂ ಹಿಮೋಗ್ಲೋಬಿನ್ ಸುಮಾರು 1.34 ಮಿಲಿಲೀಟರ್ ಆಮ್ಲಜನಕವನ್ನು ಹೊರುತ್ತದೆ. ಹಿಮೋಗ್ಲೋಬಿನ್ 14 ಗ್ರಾಂ ಇರುವ ಆರೋಗ್ಯವಂತರ 100 ಮಿಲಿಲೀಟರ್ ರಕ್ತದಲ್ಲಿ, ಅದು ಶೇ. 98ರಷ್ಟು ತುಂಬಿಕೊಂಡಿದ್ದರೆ, ಹೀಗೆ 18.4 ಮಿಲಿಲೀಟರ್ ಆಮ್ಲಜನಕವಿರುತ್ತದೆ, ಪ್ಲಾಸ್ಮಾದಲ್ಲಿ ಕರಗಿರುವುದು ಬರೀ 0.3. ಹೃದಯ ನಿಮಿಷಕ್ಕೆ 5 ಲೀಟರ್ ರಕ್ತವನ್ನು ತಳ್ಳಿದರೆ ಸುಮಾರು 935 ಮಿಲಿಲೀಟರ್ ಆಮ್ಲಜನಕ ದೇಹಕ್ಕೆ ತಲುಪುತ್ತದೆ. ದೇಹ ಬಳಸುವುದು ಸುಮಾರು 250 ಮಾತ್ರ, ಆದ್ದರಿಂದ ನಮಗೆಲ್ಲ ದೊಡ್ಡ ಉಳಿತಾಯವಿದೆ.

ಈಗ ರಕ್ತ ಸೋರಿ, ಸಲೈನ್ ಸೇರಿ, ಹಿಮೋಗ್ಲೋಬಿನ್ 5ಕ್ಕೆ ಇಳಿದಿದೆ ಎಂದುಕೊಳ್ಳಿ. ಅದು ಪೂರ್ತಿ ತುಂಬಿಕೊಂಡರೂ ಹೊರುವುದು 6.7 ಮಿಲಿಲೀಟರ್. ಬಿಗಿಯಾದ ಮುಖವಾಡದಿಂದ ಆಮ್ಲಜನಕ ಕೊಟ್ಟು ಅಪಧಮನಿಯಲ್ಲಿ ಅದರ ಒತ್ತಡವನ್ನು 400 ಮಿ.ಮೀ. ಪಾದರಸಕ್ಕೆ ಏರಿಸಿದರೆ ಕರಗಿದ ಆಮ್ಲಜನಕ 0.3ರಿಂದ 1.2ಕ್ಕೆ ಏರುತ್ತದೆ. ಆರೋಗ್ಯವಂತರಲ್ಲಿ ಲೆಕ್ಕಕ್ಕೇ ಬಾರದ ಈ ಪಾಲು ಇಲ್ಲಿ ಒಟ್ಟಿನ ಏಳರಲ್ಲೊಂದು ಭಾಗವಾಗುತ್ತದೆ. ನಿಮ್ಮ ಕೇಂದ್ರದಲ್ಲಿ ಈಗಾಗಲೇ ಇರುವ, ಈ ಕೆಲಸವನ್ನು ನೇರವಾಗಿ ಮಾಡುವ ಔಷಧವೆಂದರೆ ಸಿಲಿಂಡರಿನಲ್ಲಿರುವ ಆಮ್ಲಜನಕವೇ, ಅದನ್ನು ಕೊಟ್ಟಿದ್ದೀರಿ.

ಆದರೆ ಇನ್ನೊಂದು ಕಡೆ ನೋಡಿ. ಹಿಮೋಗ್ಲೋಬಿನ್ 5 ಇದ್ದರೂ ಹೃದಯ ನಿಮಿಷಕ್ಕೆ 5 ಲೀಟರ್ ತಳ್ಳುತ್ತಿದ್ದರೆ 395 ಮಿಲಿಲೀಟರ್ ಆಮ್ಲಜನಕ ತಲುಪುತ್ತದೆ, ದೇಹ ಹೇಗೋ ಸಂಭಾಳಿಸುತ್ತದೆ. ನಾಳಗಳು ಬರಿದಾಗಿ ಹರಿವು ಎರಡೂವರೆ ಲೀಟರಿಗೆ ಇಳಿದರೆ ತಲುಪುವುದು 200ಕ್ಕೂ ಕಡಿಮೆ, ಅಂದರೆ ಬೇಡಿಕೆಗಿಂತಲೂ ಕೆಳಗೆ. ಹಿಮೋಗ್ಲೋಬಿನ್ ಅದೇ 5 ಇದ್ದರೂ ಹರಿವು ಅರ್ಧವಾದದ್ದೇ ಸಾಕು, ಲೆಕ್ಕ ತಲೆಕೆಳಗಾಗುತ್ತದೆ. ಹಾಗಾಗಿ ನಾನು ಯಾವುದೇ ಔಷಧದ ಬಗ್ಗೆ ಕೇಳುವ ಮೊದಲ ಪ್ರಶ್ನೆ ‘ಇದು ಒತ್ತಡವನ್ನು ಏರಿಸುತ್ತದೆಯೇ’ ಎಂಬುದಲ್ಲ, ‘ಇದು ಹರಿವನ್ನು ಏರಿಸುತ್ತದೆಯೇ’ ಎಂಬುದು. ಮಾನಿಟರಿನಲ್ಲಿ ಕಾಣುವುದು ಒತ್ತಡ, ಆಮ್ಲಜನಕವನ್ನು ಹೊತ್ತೊಯ್ಯುವುದು ಹರಿವು. ಇವೆರಡನ್ನೂ ಒಂದೇ ಎಂದು ತಿಳಿದದ್ದರಿಂದ ಈ ಕ್ಷೇತ್ರದಲ್ಲಿ ದೊಡ್ಡ ತಪ್ಪುಗಳೇ ಆಗಿವೆ.

ಸೆಂಥಾಕ್ವಿನ್ ವಿಚಾರ. ಇದು ಲಖನೌನ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ರಕ್ತದೊತ್ತಡವನ್ನು ಇಳಿಸಲೆಂದು ಹುಡುಕಿದ ಅಣು! ಕಡಿಮೆ ಪ್ರಮಾಣದಲ್ಲಿ, ರಕ್ತ ಕಳೆದುಕೊಂಡ ಪ್ರಾಣಿಗಳಲ್ಲಿ ಅದು ತದ್ವಿರುದ್ಧವಾಗಿ ವರ್ತಿಸಿದ್ದು ಆಮೇಲೆ ಕಂಡುಬಂತು. ಅಪಧಮನಿಗಳನ್ನು ಹಿಂಡುವ ಬದಲು, ಆಲ್ಫಾ-2ಬಿ ಗ್ರಾಹಕಗಳ ಮೂಲಕ ಸಿರೆಗಳನ್ನು ಬಿಗಿಗೊಳಿಸಿ, ಅಲ್ಲಿ ನಿಂತಿರುವ ರಕ್ತವನ್ನು ಹೃದಯದತ್ತ ಮರಳಿಸುತ್ತದೆ ಎಂಬುದು ಅದರ ವಾದ. ದೇಹದ ರಕ್ತದ ಹೆಚ್ಚಿನ ಪಾಲು ಸಿರೆಗಳಲ್ಲೇ ಇರುವುದರಿಂದ ವಾದದಲ್ಲಿ ಹುರುಳಿದೆ. ಭಾರತದಲ್ಲಿ 2020ರಲ್ಲಿ ಇದಕ್ಕೆ ಅನುಮೋದನೆ ದೊರೆಯಿತು. ಪ್ರತಿ ಕಿಲೋ ತೂಕಕ್ಕೆ 0.01 ಮಿಲಿಗ್ರಾಂನಂತೆ 100 ಮಿಲಿಲೀಟರ್ ಸಲೈನಿನಲ್ಲಿ ಬೆರೆಸಿ ಒಂದು ಗಂಟೆಯ ಅವಧಿಯಲ್ಲಿ ಕೊಡುವುದು ಕ್ರಮ.

ಆದರೆ ಮೂರನೇ ಹಂತದ ಪ್ರಯೋಗದಲ್ಲಿ ಇದ್ದವರು 105 ರೋಗಿಗಳು ಮಾತ್ರ. ಔಷಧ ಪಡೆದವರಲ್ಲಿ ಸಾವು ಕಡಿಮೆ ಕಂಡಿದ್ದರೂ, ಅಷ್ಟು ಸಣ್ಣ ಗುಂಪಿನಲ್ಲಿ ಒಂದಿಬ್ಬರು ಆಚೀಚೆಯಾದರೆ ಶೇಕಡಾವಾರು ಅಂಕಿಯೇ ಬದಲಾಗುತ್ತದೆ. ಅದಲ್ಲದೆ ಸಿರೆಯಲ್ಲಿ ರಕ್ತ ಉಳಿದಿದ್ದರೆ ತಾನೇ ಮರಳಿಸುವುದು? ಸೋರಿಕೆ ನಿಂತ ಮೇಲೆ, ದ್ರವ ಕೊಡುತ್ತಿರುವಾಗ, ಜೊತೆಗೆ ಕೊಡುವ ಔಷಧವಾಗಿ ನಾನು ಇದನ್ನು ನೋಡುತ್ತೇನೆ. ಟೂರ್ನಿಕೆಯನ್ನೋ ಆಂಬುಲೆನ್ಸನ್ನೋ ಇದಕ್ಕಾಗಿ ಒಂದು ನಿಮಿಷ ತಡೆದರೂ ತಪ್ಪು.

ಔಷಧಶಾಸ್ತ್ರದ ಮೇಷ್ಟ್ರು (ಉತ್ತರ 2)

ಮೇಡಂ ಹೇಳಿದ ‘ದೊಡ್ಡ ತಪ್ಪುಗಳ’ ಕಥೆಯನ್ನು ಪ್ರತಿ ವರ್ಷ ಎರಡನೇ ವರ್ಷದ ವಿದ್ಯಾರ್ಥಿಗಳಿಗೆ ಪಾಠ ಮಾಡುವವನಾದ್ದರಿಂದ ಅದನ್ನು ನಾನು ಮುಂದುವರಿಸುತ್ತೇನೆ.

ಕೆಂಪು ಕಣದ ಚೀಲವನ್ನು ಬಿಟ್ಟು ಹಿಮೋಗ್ಲೋಬಿನ್ ಅನ್ನಷ್ಟೇ ಶುದ್ಧೀಕರಿಸಿ ಕೊಟ್ಟರೆ ರಕ್ತದ ಗುಂಪಿನ ಗೊಡವೆಯಿಲ್ಲ, ಫ್ರಿಜ್ ಬೇಕಿಲ್ಲ, ವರ್ಷಗಟ್ಟಲೆ ಇಡಬಹುದು ಎಂಬ ಕನಸು ಬಹಳ ಹಳೆಯದು. ಚೀಲದಿಂದ ಹೊರಬಂದ ಹಿಮೋಗ್ಲೋಬಿನ್ ಎರಡಾಗಿ ಒಡೆದು ಮೂತ್ರಪಿಂಡಕ್ಕೆ ಹಾನಿ ಮಾಡುವುದನ್ನು ತಡೆಯಲು ಅದರ ತುಂಡುಗಳನ್ನು ರಾಸಾಯನಿಕವಾಗಿ ಹೆಣೆದರು. ಹಾಗೆ ಹೆಣೆದ ಒಂದು ಮಾನವ ಹಿಮೋಗ್ಲೋಬಿನ್ ಅನ್ನು ಅಮೆರಿಕದಲ್ಲಿ ಅಪಘಾತದ ಗಾಯಾಳುಗಳ ಮೇಲೆ ಪ್ರಯೋಗಿಸಿದಾಗ, ಔಷಧ ಪಡೆದವರಲ್ಲಿ ಶೇ. 46ರಷ್ಟು ಮಂದಿ ತೀರಿಕೊಂಡರು, ಸಲೈನ್ ಪಡೆದವರಲ್ಲಿ ಶೇ. 17. 1998ರಲ್ಲಿ ಆ ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು.

ಕಾರಣ ಸ್ವಾರಸ್ಯಕರವಾಗಿದೆ. ರಕ್ತನಾಳದ ಒಳಪದರವು ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಸ್ರವಿಸಿ ನಾಳವನ್ನು ಸಡಿಲವಾಗಿಡುತ್ತದೆ. ಕೆಂಪು ಕಣದೊಳಗಿನ ಹಿಮೋಗ್ಲೋಬಿನ್‌ಗೆ ಆ ಅನಿಲ ಸುಲಭವಾಗಿ ಸಿಗುವುದಿಲ್ಲ, ಆದರೆ ಪ್ಲಾಸ್ಮಾದಲ್ಲಿ ಬಿಡಿಯಾಗಿ ತೇಲುವ ಹಿಮೋಗ್ಲೋಬಿನ್ ನಾಳದ ಗೋಡೆಗೇ ಹೋಗಿ ಅದನ್ನು ಕಬಳಿಸುತ್ತದೆ. ನಾಳಗಳು ಬಿಗಿದುಕೊಳ್ಳುತ್ತವೆ, ರಕ್ತದೊತ್ತಡ ಚೆನ್ನಾಗಿ ಏರುತ್ತದೆ, ಅಂಗಾಂಶಕ್ಕೆ ಹರಿಯುವ ರಕ್ತ ಕುಗ್ಗುತ್ತದೆ. ಒತ್ತಡ ಏರಿದ್ದನ್ನು ಕಂಡ ವೈದ್ಯರಿಗೆ ರೋಗಿ ಚೇತರಿಸಿಕೊಂಡಂತೆ ತೋರುವುದು ಸಹಜ. ತಲುಪಬೇಕಾದ ಆಮ್ಲಜನಕ ಮಾತ್ರ ತಲುಪುತ್ತಿರುವುದಿಲ್ಲ. 2008ರಲ್ಲಿ ಇಂತಹ ಐದು ಉತ್ಪನ್ನಗಳ 16 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ಸಾವಿನ ಅಪಾಯ ಶೇ. 30ರಷ್ಟು ಹೆಚ್ಚಿದ್ದು, ಹೃದಯಾಘಾತದ ಅಪಾಯ ಎರಡೂವರೆ ಪಟ್ಟನ್ನೂ ಮೀರಿದ್ದು ಕಂಡುಬಂತು. ಹಸುವಿನ ಹಿಮೋಗ್ಲೋಬಿನ್‌ನಿಂದ ಮಾಡಿದ ಹೀಮೋಪ್ಯೂರ್ ಮಾತ್ರ 2001ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಶಸ್ತ್ರಚಿಕಿತ್ಸೆಯ ರಕ್ತಹೀನತೆಗೆ ಅನುಮೋದನೆ ಪಡೆಯಿತು. ಈಗ ಸಂಶೋಧಕರು ಹಿಮೋಗ್ಲೋಬಿನ್ ಅನ್ನು ಕೊಬ್ಬಿನ ಪೊರೆಯೊಳಗೆ ಮತ್ತೆ ತುಂಬಿ, ಒಣಪುಡಿಯಾಗಿ ಸಂಗ್ರಹಿಸುವ ದಾರಿಯನ್ನು ಹಿಡಿದಿದ್ದಾರೆ. ಅಂದರೆ ಕಿತ್ತೆಸೆದ ಚೀಲವನ್ನೇ ಪುನಃ ಹೊಲಿಯುತ್ತಿದ್ದಾರೆ.

ಪರ್‌ಫ್ಲೋರೋಕಾರ್ಬನ್ ಎಂಬ ದ್ರವದ್ದು ಇನ್ನೊಂದು ಕಥೆ. 1966ರಲ್ಲಿ ಇಲಿಯನ್ನು ಆಮ್ಲಜನಕ ತುಂಬಿದ ಈ ದ್ರವದಲ್ಲಿ ಮುಳುಗಿಸಿದರೂ ಅದು ಉಸಿರಾಡಿ ಬದುಕಿತು. ಅದರಿಂದ ಮಾಡಿದ ಫ್ಲೂಸಾಲ್ ಎಂಬ ಬಿಳಿ ಎಮಲ್ಷನ್‌ಗೆ 1989ರಲ್ಲಿ ಅಮೆರಿಕದಲ್ಲಿ, ಅದೂ ಹೃದಯದ ಬಲೂನ್ ಚಿಕಿತ್ಸೆಗೆ, ಅನುಮತಿ ಸಿಕ್ಕಿತು. ಘನೀಕರಿಸಿ ಇಡಬೇಕು, ಕರಗಿಸಿ ಬೆರೆಸಬೇಕು, ರೋಗಿ ಶುದ್ಧ ಆಮ್ಲಜನಕವನ್ನೇ ಉಸಿರಾಡುತ್ತಿರಬೇಕು. 1994ರ ಹೊತ್ತಿಗೆ ಮಾರುಕಟ್ಟೆಯಿಂದ ಹೊರಬಿತ್ತು. ನಿಮ್ಮ ಕೇಂದ್ರದ ಪರಿಸ್ಥಿತಿಗೆ ಇದು ದೂರದ ಮಾತು.

ಇನ್ನು ನಿಮ್ಮ ಅತ್ತೆಯವರ ಕೇಸರಿ. ನಗುವ ವಿಷಯವೇನಲ್ಲ ಡಾಕ್ಟರೇ, ಸಂದೇಶಕ್ಕೆ ಒಂದು ಬೇರಿದೆ. ಕೇಸರಿಯ ಬಣ್ಣಕ್ಕೆ ಆಧಾರವಾದ ಕ್ರೋಸೆಟಿನ್ ಎಂಬ ವಸ್ತು ನಮ್ಮ ಅಂಗಳದ ಪಾರಿಜಾತದ ಕೇಸರಿ ತೊಟ್ಟಿನಲ್ಲಿಯೂ ಇದೆ. ಅದರ ಒಂದು ರೂಪವನ್ನು ಕೃತಕವಾಗಿ ತಯಾರಿಸಿ, ಟ್ರಾನ್ಸ್ ಸೋಡಿಯಂ ಕ್ರೋಸೆಟಿನೇಟ್ ಎಂಬ ಹೆಸರಿನಲ್ಲಿ, ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಆರಂಭವಾದ ಕೆಲಸದ ಮುಂದುವರಿಕೆಯಾಗಿ ಪರೀಕ್ಷಿಸಿದರು. ಇದು ಆಮ್ಲಜನಕವನ್ನು ಹೊರುವುದಿಲ್ಲ. ಕೆಂಪು ಕಣದಿಂದ ಜೀವಕೋಶಕ್ಕೆ ಹೋಗುವಾಗ ಆಮ್ಲಜನಕ ಪ್ಲಾಸ್ಮಾದ ನೀರನ್ನು ದಾಟಬೇಕಷ್ಟೆ. ಆ ನೀರಿನ ಅಣುಗಳ ಜೋಡಣೆಯನ್ನು ಇದು ತುಸು ಬದಲಿಸಿ ಆ ದಾಟುವಿಕೆಯನ್ನು ಚುರುಕುಗೊಳಿಸುತ್ತದೆ ಎಂಬುದು ಊಹೆ. ರಕ್ತ ತೆಗೆದ ಇಲಿಗಳು ಇದನ್ನು ಕೊಟ್ಟಾಗ ಹೆಚ್ಚು ಬದುಕಿದವು. ಮನುಷ್ಯರಲ್ಲಿ ರಕ್ತಸ್ರಾವಕ್ಕೆಂದು ಇದಕ್ಕೆ ಅನುಮೋದನೆ ದೊರೆತಿಲ್ಲ. ರಕ್ತನಾಳಕ್ಕೆ ಕೊಡುವ ಔಷಧಕ್ಕೂ ಹಾಲಿಗೆ ಹಾಕಿದ ನಾಲ್ಕು ಎಸಳಿಗೂ ಸಂಬಂಧವಿಲ್ಲ, ಮೇಲಾಗಿ ಶಸ್ತ್ರಚಿಕಿತ್ಸೆಗೆ ಹೋಗಲಿರುವವರಿಗೆ ಹಾಲು ಕುಡಿಸುವುದು ಅರಿವಳಿಕೆಯವರ ಕೋಪಕ್ಕೆ ನ್ಯಾಯವಾದ ಕಾರಣ.

ಹಿಮೋಗ್ಲೋಬಿನ್‌ನ ಹಿಡಿತವನ್ನು ಸಡಿಲಿಸಿ, ಅದು ಅಂಗಾಂಶದಲ್ಲಿ ಆಮ್ಲಜನಕವನ್ನು ಬೇಗ ಬಿಟ್ಟುಕೊಡುವಂತೆ ಮಾಡುವ ಎಫಾಪ್ರಾಕ್ಸಿರಲ್ ಎಂಬ ಅಣುವೂ ಇತ್ತು. ಆದರೆ ರಕ್ತ ಸೋರಿ ಆಘಾತದ (ಶಾಕ್) ಸ್ಥಿತಿಗೆ ಹೋದ ರೋಗಿಯ ರಕ್ತ ಆಮ್ಲೀಯವಾಗಿರುವುದರಿಂದ ಆ ಹಿಡಿತ ತಾನಾಗಿಯೇ ಸಡಿಲಗೊಂಡಿರುತ್ತದೆ, ಅಲ್ಲಿ ಹೊಸದಾಗಿ ಗಳಿಸುವುದು ಹೆಚ್ಚೇನೂ ಇಲ್ಲವೆಂಬುದು ನನ್ನ ಅಭಿಪ್ರಾಯ.

ಹೆರಿಗೆ ವಾರ್ಡಿನ ಸಿಸ್ಟರ್ (ಉತ್ತರ 3)

ಸರ್, ನಾನು ಔಷಧಶಾಸ್ತ್ರ ಓದಿದವಳಲ್ಲ, ಆದರೆ ರಕ್ತ ಸೋರುವುದನ್ನು ಹತ್ತೊಂಬತ್ತು ವರ್ಷಗಳಿಂದ ನೋಡುತ್ತಿದ್ದೇನೆ. ಕಟ್ಟಿದ ಹೆಪ್ಪು ಕರಗದಂತೆ ತಡೆಯುವ ಟ್ರಾನೆಕ್ಸಾಮಿಕ್ ಆಮ್ಲದ ಹೆಸರನ್ನು ಇಲ್ಲಿ ಇನ್ನೂ ಯಾರೂ ಎತ್ತಲಿಲ್ಲ ಎಂಬುದು ನನಗೆ ಆಶ್ಚರ್ಯ ತಂದಿತು. ಅದು ಆಮ್ಲಜನಕವನ್ನು ಹೊರುವುದಿಲ್ಲ, ನಿಜ. ಆದರೆ ಹೊರುವ ಹಿಮೋಗ್ಲೋಬಿನ್ ನೆಲಕ್ಕೆ ಹೋಗದಂತೆ ತಡೆಯುತ್ತದಲ್ಲ.

2010ರಲ್ಲಿ 40 ದೇಶಗಳ 20,211 ಗಾಯಾಳುಗಳ ಮೇಲೆ ನಡೆದ ಕ್ರಾಶ್-2 ಪ್ರಯೋಗದ ಫಲಿತಾಂಶ ಬಂತು. ಅದರಲ್ಲಿ ಭಾರತದ ಆಸ್ಪತ್ರೆಗಳೂ ಇದ್ದವು. ಸಾವು ಶೇ. 16ರಿಂದ 14.5ಕ್ಕೆ ಇಳಿಯಿತು. ಗಾಯವಾದ ಮೂರು ಗಂಟೆಯೊಳಗೆ ಕೊಟ್ಟರೆ ಲಾಭ, ಆಮೇಲೆ ಕೊಟ್ಟರೆ ರಕ್ತಸ್ರಾವದಿಂದಾಗುವ ಸಾವು ಹೆಚ್ಚುತ್ತದೆ ಎಂಬುದೂ ಅದರಿಂದಲೇ ತಿಳಿಯಿತು. 2017ರಲ್ಲಿ 20,060 ಬಾಣಂತಿಯರ ಮೇಲಿನ ಪ್ರಯೋಗವೂ ಬೇಗ ಕೊಡಬೇಕೆಂಬುದನ್ನೇ ಹೇಳಿತು. ಈ ಔಷಧವನ್ನು 1962ರಲ್ಲಿ ಲೋಕಕ್ಕೆ ಕೊಟ್ಟವರು ಜಪಾನಿನ ಊಟಾಕೊ ಒಕಾಮೊಟೊ ಮತ್ತು ಅವರ ಪತಿ ಶೊಸುಕೆ ಒಕಾಮೊಟೊ. ಬಾಣಂತಿಯರಿಗೆ ಇದನ್ನು ಕೊಟ್ಟು ನೋಡಿ ಎಂದು ಆ ತಾಯಿ ತಮ್ಮೂರಿನ ಹೆರಿಗೆ ತಜ್ಞರನ್ನು ಕೇಳಿಕೊಂಡರೂ ಅವರು ಒಪ್ಪಲಿಲ್ಲವಂತೆ. 2017ರ ಫಲಿತಾಂಶ ಬರುವ ಹೊತ್ತಿಗೆ ಅವರು ತೀರಿಕೊಂಡು ಒಂದು ವರ್ಷವಾಗಿತ್ತು.

ನಿಮ್ಮ ರೋಗಿಗೆ ಎರಡು ಗಂಟೆಯ ದಾರಿಯಿತ್ತು ಎಂದಿದ್ದೀರಿ. ತೋಟದಿಂದ ನಿಮ್ಮಲ್ಲಿಗೆ ಬರಲು ಅರ್ಧ ಗಂಟೆಯಾದರೂ ಆಗಿರಬೇಕು. ಜಿಲ್ಲಾ ಆಸ್ಪತ್ರೆಯಲ್ಲಿ ಕೊಡಲಿ ಎಂದು ಬಿಟ್ಟರೆ, ಅಲ್ಲಿ ಚೀಟಿ ಮಾಡಿಸಿ, ಸ್ಟ್ರೆಚರ್ ಹುಡುಕುವಷ್ಟರಲ್ಲಿ ಆ ಮೂರು ಗಂಟೆ ಮುಗಿದಿರುತ್ತದೆ. ಒಂದು ಗ್ರಾಂ ಔಷಧವನ್ನು ಹತ್ತು ನಿಮಿಷದಲ್ಲಿ ನೀವೇ ಕೊಟ್ಟು ಕಳುಹಿಸಬೇಕು, ಮುಂದಿನ ಒಂದು ಗ್ರಾಂ ಎಂಟು ಗಂಟೆಯ ಅವಧಿಯಲ್ಲಿ ಅಲ್ಲಿ ನಡೆಯಲಿ. ನಾವು ಕೊಟ್ಟ ಸಮಯವನ್ನು ಪ್ಲಾಸ್ಟರ್ ತುಂಡಿನ ಮೇಲೆ ಬರೆದು ರೋಗಿಯ ಎದೆಗೇ ಅಂಟಿಸುತ್ತೇವೆ, ಏಕೆಂದರೆ ಕೇಸ್ ಶೀಟ್ ಒಂದು ಬಾಗಿಲಿನಿಂದ, ರೋಗಿ ಇನ್ನೊಂದು ಬಾಗಿಲಿನಿಂದ ಹೋಗುವುದುಂಟು.

ಸೋರಿದ ರಕ್ತವನ್ನು ಕಣ್ಣಂದಾಜಿನಲ್ಲಿ ಹೇಳಬೇಡಿ. ಒಣ ಪ್ಯಾಡಿನ ತೂಕ ಗೊತ್ತಿದ್ದರೆ ತೊಯ್ದ ಪ್ಯಾಡನ್ನು ತೂಗಿ ಕಳೆಯಿರಿ, ಒಂದು ಗ್ರಾಂ ಎಂದರೆ ಸುಮಾರು ಒಂದು ಮಿಲಿಲೀಟರ್. ಕಣ್ಣು ಹೆಚ್ಚುಕಡಿಮೆ ಅರ್ಧವನ್ನೇ ಹೇಳಿದ್ದನ್ನು ನಾನು ನಮ್ಮ ವಾರ್ಡಿನಲ್ಲಿ ಮತ್ತೆ ಮತ್ತೆ ಕಂಡಿದ್ದೇನೆ.

ಸಣ್ಣ ಕೇಂದ್ರಗಳಿಂದ ಏನಾಗುತ್ತದೆ ಎನ್ನುವವರಿಗೆ ನಮ್ಮ ಬೆಳಗಾವಿಯದೇ ಉದಾಹರಣೆಯಿದೆ. ಅಲ್ಲಿನ ಹಳ್ಳಿಗಳಲ್ಲಿ 1,620 ಗರ್ಭಿಣಿಯರ ಮೇಲೆ ನಡೆದ ಅಧ್ಯಯನದಲ್ಲಿ, ಕಿರಿಯ ಆರೋಗ್ಯ ಸಹಾಯಕಿಯರು ಹೆರಿಗೆಯಾದ ಕೂಡಲೇ ಗರ್ಭಕೋಶವನ್ನು ಸಂಕುಚಿಸುವ ಮಿಸೊಪ್ರೊಸ್ಟಾಲ್ ಮಾತ್ರೆಯನ್ನು 600 ಮೈಕ್ರೋಗ್ರಾಂ ನುಂಗಿಸಿದಾಗ ಹೆರಿಗೆಯ ನಂತರದ ಅತಿ ರಕ್ತಸ್ರಾವ ಶೇ. 12ರಿಂದ 6.4ಕ್ಕೆ ಇಳಿಯಿತು. 2006ರಲ್ಲಿ ಪ್ರಕಟವಾದ ಆ ಫಲಿತಾಂಶವನ್ನು ಇಂದಿಗೂ ಎಲ್ಲ ಕಡೆ ಉಲ್ಲೇಖಿಸುತ್ತಾರೆ. ಅಲ್ಲಿ ಮಾತ್ರೆ ಕೊಟ್ಟವರು ತಜ್ಞ ವೈದ್ಯರಲ್ಲ, ನಮ್ಮ ಎಎನ್ಎಂ ಅಕ್ಕಂದಿರು.

ಘಟ್ಟದ ವೈದ್ಯ

ಮೂವರಿಗೂ ಕೃತಜ್ಞತೆಗಳು. ಸಿಸ್ಟರ್, ಒಪ್ಪಿಕೊಳ್ಳಬೇಕಾದ ಮಾತೆಂದರೆ ಅಂದು ಟ್ರಾನೆಕ್ಸಾಮಿಕ್ ಆಮ್ಲ ನಮ್ಮ ಔಷಧಾಲಯದ ಕಪಾಟಿನಲ್ಲಿಯೇ ಇತ್ತು. ಹೆರಿಗೆ ಕೋಣೆಯ ಔಷಧವೆಂದು ಪ್ರತ್ಯೇಕ ಇಟ್ಟಿದ್ದರಿಂದ ನನಗೆ ಹೊಳೆಯಲಿಲ್ಲ. ತಪ್ಪು ನನ್ನದೇ.

ಮೇಡಂ, ಎರಡು ಸಂದೇಹಗಳಿವೆ. ಒತ್ತಡ 70 ಇರುವಾಗ, ನಾಳಗಳನ್ನು ಬಿಗಿಗೊಳಿಸಿ ಒತ್ತಡ ಏರಿಸುವ ನಾರ್‌ಅಡ್ರಿನಲಿನ್ ಹಚ್ಚಿ ಕಳುಹಿಸಬಹುದೇ? ಮತ್ತು ಸಲೈನ್ ಎಷ್ಟು ಕೊಡಬೇಕು? ನಾನು ಆ ದಿನ ಎರಡೂವರೆ ಲೀಟರ್ ಕೊಟ್ಟಿದ್ದೆ.

ಅರಿವಳಿಕೆ ತಜ್ಞೆ

ಎರಡೂವರೆ ಲೀಟರ್ ಹೆಚ್ಚಾಯಿತು ಡಾಕ್ಟರೇ. ಟೂರ್ನಿಕೆ ಬಿಗಿದು ಸೋರಿಕೆ ನಿಂತಿದ್ದರಿಂದ ಈ ಬಾರಿ ದಕ್ಕಿಸಿಕೊಂಡಿರಿ. ಹೊಟ್ಟೆಯೊಳಗೋ ಎದೆಯೊಳಗೋ ಸೋರುತ್ತಿದ್ದರೆ, ಅಷ್ಟು ಸಲೈನ್ ಇರುವ ಹಿಮೋಗ್ಲೋಬಿನ್ ಅನ್ನೂ ಹೆಪ್ಪುಗಟ್ಟಿಸುವ ಅಂಶಗಳನ್ನೂ ತೆಳುವಾಗಿಸಿ, ದೇಹವನ್ನು ತಣ್ಣಗಾಗಿಸಿ, ಒತ್ತಡ ಏರಿದ ರಭಸಕ್ಕೆ ಆಗಷ್ಟೇ ಕಟ್ಟಿದ ಹೆಪ್ಪನ್ನೂ ಕಿತ್ತುಹಾಕುತ್ತದೆ. 1994ರಲ್ಲಿ ಹ್ಯೂಸ್ಟನ್ನಿನಲ್ಲಿ, ಮುಂಡಕ್ಕೆ ಇರಿತ ಅಥವಾ ಗುಂಡಿನ ಗಾಯವಾಗಿದ್ದ 598 ಮಂದಿಯ ಅಧ್ಯಯನದಲ್ಲಿ, ಶಸ್ತ್ರಚಿಕಿತ್ಸೆಯವರೆಗೆ ದ್ರವ ಕೊಡದೆ ಕಾದವರಲ್ಲಿ ಶೇ. 70 ಮಂದಿ ಬದುಕಿದರು, ಕೂಡಲೇ ಕೊಟ್ಟವರಲ್ಲಿ ಶೇ. 62. ಆದ್ದರಿಂದ ತಲೆಗೆ ಪೆಟ್ಟಾಗಿರದಿದ್ದರೆ ಮೇಲಿನ ಒತ್ತಡ 80ರಿಂದ 90ರವರೆಗೆ ಇದ್ದರೆ ಸಾಕು. 250 ಮಿಲಿಲೀಟರ್ ಕೊಡಿ, ಮಣಿಕಟ್ಟಿನ ನಾಡಿ ಮುಟ್ಟಿ ನೋಡಿ, ಮಾತನಾಡಿಸಿ ನೋಡಿ, ಆಮೇಲೆ ಬೇಕಿದ್ದರೆ ಇನ್ನೊಂದು 250. ತಲೆಗೆ ಪೆಟ್ಟಾಗಿದ್ದರೆ ಈ ಕಂಜೂಸುತನ ಸಲ್ಲದು, ಮಿದುಳಿಗೆ ಒತ್ತಡ ಬೇಕು.

ನಾರ್‌ಅಡ್ರಿನಲಿನ್ ಅಪಧಮನಿಯನ್ನೂ ಹಿಂಡುತ್ತದೆ. ಬರಿದಾದ ನಾಳವನ್ನು ಹಿಂಡಿದರೆ ಮೇಷ್ಟ್ರು ಹೇಳಿದ ಹಿಮೋಗ್ಲೋಬಿನ್ ಕಥೆಯೇ ಮರುಕಳಿಸೀತು. ಆದರೂ ಅದನ್ನು ಪೂರ್ತಿ ತಳ್ಳಿಹಾಕಲಾರೆ: ದ್ರವ ಕೊಟ್ಟ ಮೇಲೂ ಒತ್ತಡ 80ಕ್ಕೆ ಬಾರದೆ, ಹೃದಯ ನಿಲ್ಲುವ ಸ್ಥಿತಿ ಕಂಡಾಗ, ಸಣ್ಣ ಪ್ರಮಾಣದಲ್ಲಿ, ಸ್ವಲ್ಪ ಸಮಯಕ್ಕೆ ಹಚ್ಚುತ್ತೇವೆ. 2019ರಲ್ಲಿ ಪ್ರಕಟವಾದ, ಅಮೆರಿಕದ ಒಂದು ಅಪಘಾತ ಚಿಕಿತ್ಸಾ ಕೇಂದ್ರದಲ್ಲಿ 100 ಗಾಯಾಳುಗಳಿಗೆ ನಡೆಸಿದ ಪ್ರಯೋಗದಲ್ಲಿ, ನಾಳ ಬಿಗಿಗೊಳಿಸುವ ಇನ್ನೊಂದು ಔಷಧವಾದ ವ್ಯಾಸೊಪ್ರೆಸ್ಸಿನ್ ಅನ್ನು ಕಡಿಮೆ ಪ್ರಮಾಣದಲ್ಲಿ ಪಡೆದವರಿಗೆ ರಕ್ತ ಕಡಿಮೆ ಬೇಕಾಯಿತು, ಸಾವಿನ ಪ್ರಮಾಣದಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ. ಆಂಬುಲೆನ್ಸಿನಲ್ಲಿ ಇನ್‌ಫ್ಯೂಷನ್ ಪಂಪ್ ಇಲ್ಲದೆ, ಘಟ್ಟದ ತಿರುವಿನಲ್ಲಿ ಹನಿ ಎಣಿಸುತ್ತಾ ನಾರ್‌ಅಡ್ರಿನಲಿನ್ ಕೊಡುವುದನ್ನು ನಾನು ಒಪ್ಪುವುದಿಲ್ಲ.

ಇನ್ನೊಂದು ಔಷಧವನ್ನು ಸಾಮಾನ್ಯವಾಗಿ ಮರೆಯುತ್ತೇವೆ. ಜಿಲ್ಲಾ ಆಸ್ಪತ್ರೆಯಲ್ಲಿ ರಕ್ತದ ಚೀಲಗಳು ಒಂದರ ಮೇಲೊಂದು ಹೋಗತೊಡಗಿದಾಗ ಅದರಲ್ಲಿರುವ ಸಿಟ್ರೇಟ್ ರೋಗಿಯ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುತ್ತದೆ, ಹೃದಯದ ಬಲವೂ ಹೆಪ್ಪುಗಟ್ಟುವಿಕೆಯೂ ಕುಗ್ಗುತ್ತವೆ. ಕ್ಯಾಲ್ಸಿಯಂ ಗ್ಲುಕೋನೇಟ್ ನಿಮ್ಮಲ್ಲಿ ಹೇಗೂ ಇರುತ್ತದೆ; ಎರಡು ಆಂಪೂಲ್‌ಗಳನ್ನು ರೋಗಿಯ ಜೊತೆಗೇ ಕಳುಹಿಸಿಕೊಡಿ, ಅಲ್ಲಿ ಹುಡುಕಾಡುವುದು ತಪ್ಪುತ್ತದೆ. ಹೊರಡುವ ಮೊದಲೇ ಜಿಲ್ಲಾ ರಕ್ತನಿಧಿಗೆ ಫೋನ್ ಮಾಡಿ ಓ ನೆಗೆಟಿವ್ ಸಿದ್ಧವಿಡಲು ಹೇಳಿ. ರಕ್ತದ ಮಾದರಿಯನ್ನು ಸಲೈನ್ ಹಚ್ಚುವ ಮುನ್ನವೇ ತೆಗೆದು ಹೆಸರು ಬರೆದು ಕಳುಹಿಸಿದರೆ ಗುಂಪು ಹೊಂದಿಸುವವರಿಗೆ ಅರ್ಧ ಗಂಟೆ ಉಳಿಯುತ್ತದೆ.

ಹೆರಿಗೆ ವಾರ್ಡಿನ ಸಿಸ್ಟರ್

ಒಂದು ಮಾತು ಸೇರಿಸುತ್ತೇನೆ, ಸರ್. ತೊಯ್ದ ಬಟ್ಟೆಯನ್ನು ಕತ್ತರಿಸಿ ತೆಗೆದು ಒಣ ಕಂಬಳಿ ಹೊದಿಸಿಯೇ ಆಂಬುಲೆನ್ಸಿಗೆ ಹತ್ತಿಸಿ, ಆಂಬುಲೆನ್ಸಿನ ಎಸಿಯನ್ನು ಆರಿಸಲು ಹೇಳಿ. ಚಳಿಗೆ ನಡುಗುವ ದೇಹ ಇರುವ ಅಲ್ಪ ಆಮ್ಲಜನಕವನ್ನು ನಡುಗುವುದಕ್ಕೇ ಖರ್ಚು ಮಾಡುತ್ತದೆ, ತಣ್ಣಗಾದ ರಕ್ತ ಸರಿಯಾಗಿ ಹೆಪ್ಪುಗಟ್ಟುವುದೂ ಇಲ್ಲ.

ಘಟ್ಟದ ವೈದ್ಯ

ಇಂದು ಬೆಳಿಗ್ಗೆ ಟ್ರಾನೆಕ್ಸಾಮಿಕ್ ಆಮ್ಲದ ನಾಲ್ಕು ಆಂಪೂಲ್‌, ಕ್ಯಾಲ್ಸಿಯಂ, ಎರಡು ಟೂರ್ನಿಕೆ, ಪ್ಲಾಸ್ಟರ್ ಸುರುಳಿ ಮತ್ತು ಒಂದು ಮಾರ್ಕರ್ ಪೆನ್ನನ್ನು ಒಂದೇ ಡಬ್ಬಿಗೆ ಹಾಕಿ, ತುರ್ತು ಕೋಣೆಯ ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿಸಿದ್ದೇನೆ. ಮುಚ್ಚಳದ ಮೇಲೆ ರಕ್ತನಿಧಿಯ ದೂರವಾಣಿ ಸಂಖ್ಯೆ ಬರೆದಿದೆ. ಕಂಬಳಿಗೆ ಇಂಡೆಂಟ್ ಹಾಕಿದ್ದೇನೆ. ಅದು ಬರುವವರೆಗೆ ನನ್ನ ಕ್ವಾರ್ಟರ್ಸಿನ ಎರಡು ಕಂಬಳಿಗಳು ಅಲ್ಲಿರುತ್ತವೆ.